ಸೀಬೆ ಗಿಡಕ್ಕೆ ಬಂದ ಸೂರಕ್ಕಿ

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಶಿವರಾತ್ರಿ ಕಳೆದು ಚಳಿ ಮೆಲ್ಲಗೆ ಸರಿಯುತ್ತಿದ್ದಂತೆ ಎಲ್ಲಿಂದಲೋ ಮಾವಿನ ಹೂವಿನ ವಾಸನೆ ತೇಲಿ ಬರುತ್ತಿತ್ತು. ಪಕ್ಕದ ಸೈಟಿನ ಹೊಂಗೆ ಮರ ಹಳೆ ಎಲೆ ಉದುರಿಸಿ ಎಳೆ ಹಸಿರು ಹೊದ್ದು ನಿಲ್ಲುತ್ತಿತ್ತು. ಅದರ ಕೆಳಗೆ ನಾವು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದೆವು. ಗೆರೆ ತುಳಿದವರನ್ನು ಹಿಡಿದು ಹೊರಗೆ ನಿಲ್ಲಿಸುವ ಕೆಲಸ ನನ್ನಕ್ಕ ಶಾರದೆಯದು.

ಆ ವರ್ಷ ಮಾತ್ರ ಅವಳು ಆಟಕ್ಕೆ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹಿಡಿದ ಟೈಫಾಯಿಡ್ ಬಿಡುವಷ್ಟರಲ್ಲಿ, ಸೊಂಟ ಮುಟ್ಟುತ್ತಿದ್ದ ಅವಳ ಕೂದಲು ಹಿಡಿ ಹಿಡಿಯಾಗಿ ಉದುರಿತ್ತು. ಉಳಿದದ್ದನ್ನು ಅಮ್ಮ ಬುಡಕ್ಕೇ ಕತ್ತರಿಸಿದ್ದಳು. ಹೈಸ್ಕೂಲು ಓದುತ್ತಿದ್ದ ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಹಿಂದಿನ ಕೋಣೆಯ ಕಿಟಕಿಯ ಬಳಿ ಮಲಗಿರುತ್ತಿದ್ದಳು. ಇನ್ನು ಓಡಾಡಬಹುದು ಎಂದು ಡಾಕ್ಟರು ಹೇಳಿದರೂ ಹೊಸಿಲು ದಾಟಲಿಲ್ಲ. ಗೆಳತಿ ಮೀರಾ ನೋಡಲು ಬಂದರೆ ಗೋಡೆ ಕಡೆ ತಿರುಗಿ ನಿದ್ದೆ ಹೋದವಳಂತೆ ಇರುತ್ತಿದ್ದಳು. ಸ್ಕೂಲಿಗೇ ಹೋಗಲ್ಲ ಎಂದು ಅಪ್ಪನಿಗೆ ಹೇಳಿದ ದಿನ ಅಮ್ಮ ಅಡುಗೆಮನೆಯಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತದ್ದನ್ನು ನಾನು ಕಂಡೆ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ದಾಸವಾಳದ ಗಿಡವಿತ್ತು. ಬಿಸಿಲು ಬೀಳುತ್ತಲೇ ಅಲ್ಲಿಗೆ ಸೂರಕ್ಕಿ ಬರುತ್ತಿತ್ತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಕ್ಕಿ, ಬಾಗಿದ ಕೊಕ್ಕು. ನೆರಳಲ್ಲಿ ಬರೀ ಕಪ್ಪು. ಬಿಸಿಲಿಗೆ ತಿರುಗಿದರೆ ನವಿಲಿನ ಕೊರಳ ನೀಲಿ. ಹೂವಿನ ಬುಡಕ್ಕೆ ಕೊಕ್ಕಿಟ್ಟು ಜೇನು ಕುಡಿದು, ಚ್ವಿಕ್ ಎಂದು ಹಾರಿಬಿಡುತ್ತಿತ್ತು. ಅಕ್ಕನ ಕಿಟಕಿಯಿಂದ ಅದು ಕಾಣುತ್ತಿರಲಿಲ್ಲ. ಅಲ್ಲಿಂದ ಕಾಣುತ್ತಿದ್ದುದು ಒಂದು ಸೀಬೆ ಗಿಡ, ಅದರಾಚೆ ಕಾಂಪೌಂಡು ಗೋಡೆ. ಹಕ್ಕಿಯನ್ನು ಆ ಗಿಡಕ್ಕೆ ಬರಿಸಬೇಕೆಂದು ನನಗೆ ಆಸೆಯಾಯಿತು.

ಸಿಹಿ ನೀರು ಇಡೋಣವೆಂದರೆ ಸಕ್ಕರೆ ರೇಷನ್ನಿನದು, ಅಮ್ಮ ಡಬ್ಬಿ ಮುಟ್ಟಗೊಡಲಿಲ್ಲ. ಅಕ್ಕನಿಗೆಂದು ತಂದಿದ್ದ ಗ್ಲೂಕೋಸ್ ಪುಡಿಯನ್ನೇ ನೀರಿಗೆ ಕಲಸಿ, ಇಂಜೆಕ್ಷನ್ನಿನ ಪುಟ್ಟ ಸೀಸೆಗೆ ತುಂಬಿ, ದಾರದಿಂದ ಸೀಬೆ ಕೊಂಬೆಗೆ ಕಟ್ಟಿದೆ. ಮೊದಲು ಬಂದದ್ದು ಇರುವೆ. ದಾರಕ್ಕೆ ಹರಳೆಣ್ಣೆ ಸವರಿದ ಮೇಲೆ ಇರುವೆ ನಿಂತವು, ಹಕ್ಕಿ ಮಾತ್ರ ಇತ್ತ ಸುಳಿಯಲಿಲ್ಲ. ದಿನವೂ ನೀರು ಬದಲಿಸಿದೆ. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳೇ ಕರೆದಳು.

“ಬರೀ ಗಾಜು ಕಟ್ಟಿದ್ರೆ ಅದಕ್ಕೆ ಹೂವು ಅಂತ ಹೇಗೆ ಗೊತ್ತಾಗತ್ತೆ ಕಣೇ? ಕೆಂಪು ಏನಾದ್ರೂ ಬೇಕು.”

ದಿಂಬಿನ ಕೆಳಗಿಂದ ತನ್ನ ಜಡೆಯ ಕೆಂಪು ಟೇಪು ತೆಗೆದಳು. ನಾನು ಕೈ ಚಾಚಿದರೆ ಕೊಡಲಿಲ್ಲ. ನಿನಗೆ ಹೂವಿನ ಹಾಗೆ ಕಟ್ಟೋಕೆ ಬರಲ್ಲ ಎಂದು ತಾನೇ ಎದ್ದಳು. ಗೋಡೆ ಹಿಡಿದು ನಡೆದು, ಹಿತ್ತಲ ಬಾಗಿಲಲ್ಲಿ ನಿಂತು ಪಕ್ಕದ ಮನೆಯ ತಾರಸಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಇಳಿದಳು. ಸೀಸೆಯ ಕತ್ತಿಗೆ ಟೇಪು ಸುತ್ತಿ ಎಸಳೆಸಳಾಗಿ ಬಿಡಿಸಿದಳು. ಅಷ್ಟಕ್ಕೇ ಸುಸ್ತಾಗಿ ಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನೂ ಕೂತೆ. ಎಳೆ ಬಿಸಿಲು, ಒಳಗಿಂದ ಸಾರಿನ ಒಗ್ಗರಣೆಯ ಘಮ. ಇಬ್ಬರಿಗೂ ಮಂಪರು ಹತ್ತುತ್ತಿತ್ತು. ಅವಳ ಟವೆಲ್ ಜಾರಿ ಬಿತ್ತು. ಎತ್ತಿಕೊಡಲು ಬಗ್ಗಿದೆ, ಅಕ್ಕ ನನ್ನ ಕೈ ಹಿಡಿದಳು.

“ಅಲ್ಲಾಡ್ಬೇಡ. ಬಂತು.”

ಹಕ್ಕಿ ದಾರ ಹಿಡಿದು ತಲೆಕೆಳಗಾಗಿ ಜೋತು ಕುಡಿಯುತ್ತಿತ್ತು. ಅಕ್ಕನ ಬೋಳು ತಲೆಯ ಮೇಲೆ ಬಿಸಿಲಿತ್ತು. ಗಂಜಿಯ ಲೋಟ ಹಿಡಿದು ಬಂದ ಅಮ್ಮ ನಮ್ಮ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತಳು.

ಮಾರನೆಯ ದಿನವೂ ಅಕ್ಕ ಮೆಟ್ಟಿಲಿಗೆ ಬಂದಳು. ಆ ವಾರದಲ್ಲೇ ಮೀರಾ ಬಂದಾಗ ಅಲ್ಲಿ ತಿರುಗಿಕೊಳ್ಳಲು ಗೋಡೆಯಿರಲಿಲ್ಲ. ಅಕ್ಕ ತುಟಿಯ ಮೇಲೆ ಬೆರಳಿಟ್ಟು ಸೀಬೆ ಗಿಡ ತೋರಿಸಿದಳು. ಮೀರಾ ಅವಳ ತಲೆಯನ್ನೊಮ್ಮೆ ನೋಡಿ, ಆಮೇಲೆ ಹಕ್ಕಿಯನ್ನು ನೋಡುತ್ತ ಪಕ್ಕದಲ್ಲಿ ಕೂತಳು. ಯುಗಾದಿಗೆ ಮುಂಚೆ ಅಕ್ಕ ಮೊಳೆತ ಕೂದಲಿಗೆ ಎಣ್ಣೆ ಹಚ್ಚಿ, ಮೀರಾಳ ಜೊತೆ ಸ್ಕೂಲಿಗೆ ನಡೆದಳು.

ಆ ಹಿತ್ತಲಿನ ಮೇಲೆ ಈಗ ಮೂರಂತಸ್ತು ಎದ್ದಿದೆ. ಅಕ್ಕ ಕೆಂಗೇರಿ ಉಪನಗರದಲ್ಲಿದ್ದಾಳೆ. ಸೂರಕ್ಕಿಗಳು ಪೂರ್ತಿ ಹೋಗಿಲ್ಲ, ಕುಂಡದ ಗಿಡಕ್ಕೂ ಒಮ್ಮೊಮ್ಮೆ ಬರುತ್ತವೆ. ಹೋದದ್ದು, ಏನೂ ಮಾತಾಡದೆ ಇಬ್ಬರೂ ಒಂದೇ ಕಡೆ ನೋಡುತ್ತ ಕೂರುತ್ತಿದ್ದ ಆ ಬೆಳಗು. ನಾವಿಬ್ಬರು ಈಗ ದಿನವೂ ಫೋನಿನಲ್ಲಿ ಮಾತಾಡುತ್ತೇವೆ. ಒಂದು ಗಳಿಗೆ ಮಾತು ನಿಂತರೆ ಸಾಕು, ಇಬ್ಬರಲ್ಲೊಬ್ಬರು ಗಾಬರಿಯಾಗಿ ಕೇಳುತ್ತೇವೆ: “ಹಲೋ, ಕೇಳಿಸ್ತಾ ಇದೆಯಾ?”