ಗೌರವ್ವನ ಹೊಲದಲ್ಲಿಲ್ಲದ ಕೇಬಲ್ಲು

ಮೊನ್ನೆ ನಮ್ಮ ಅಕ್ಕನ ಮಗಳು ಫೋನಿಗೆ ಒಂದು ಚಿತ್ರ ಕಳಿಸಿದಳು. ಜಗತ್ತಿನ ನಕಾಶೆ. ಸಮುದ್ರದ ತುಂಬ ಕೆಂಪು, ಹಸಿರು, ನೇರಳೆ ಗೆರೆಗಳು. ಒಂದು ದೇಶದ ದಂಡೆಯಿಂದ ಇನ್ನೊಂದು ದೇಶದ ದಂಡೆಗೆ ನೀರಿನ ತಳದಲ್ಲಿ ಹಾಸಿದ ಕೇಬಲ್ಲುಗಳು. ಕೆಳಗೆ ಅವಳದೊಂದು ಸಾಲು: "ಚಿಗವ್ವಾ, ನೀ ಇಂಥಾದ್ದ ಕೆಲಸ ಮಾಡ್ತಿದ್ದೆಲ್ಲಾ?" ಚಹಾದ ಕಪ್ಪು ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುತ್ತ ನಮ್ಮ ಕಡೆ ಬಂದೆ. ಮುಂಬೈ ದಂಡೆಗೆ ಬಂದ ಗೆರೆಗಳೆಲ್ಲ ಅಲ್ಲೇ ನಿಂತುಬಿಟ್ಟಿದ್ದವು. ದಂಡೆಯಿಂದ ಈಚೆಗೆ ನೆಲವೆಲ್ಲ ಬೂದಿ ಬಣ್ಣ. ಬಾಗಲಕೋಟೆ ಇಲ್ಲ, ಹುನಗುಂದ ಇಲ್ಲ, ನಾನು ಕೂತು ಚಹಾ ಕುಡಿಯುತ್ತಿದ್ದ ಇಳಕಲ್ಲೂ ಇಲ್ಲ. ನನಗೆ ಸಿಟ್ಟು ಬಂತು. ನಕಾಶೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ನಿಮ್ಮ ಓಣಿಯಲ್ಲಿ ಇರಲಿಕ್ಕಿಲ್ಲ, ನಮ್ಮ ಓಣಿಯಲ್ಲಿ ಒಬ್ಬಳಿದ್ದಾಳೆ.

ಇದಕ್ಕೆ ಕಾರಣವಿದೆ. ನಾನು ಬಹಳ ವರ್ಷ ಬಾಗಲಕೋಟೆಯ ನವನಗರದಲ್ಲಿ, ಕೇಬಲ್ ಹಾಸುವ ಒಂದು ಕಂಪನಿಯ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದೆ. ಗಾಜಿನ ಎಳೆಯ ಕೇಬಲ್ಲು ರಸ್ತೆಯ ಯಾವ ಮಗ್ಗುಲಲ್ಲಿ ಹೋಗಿದೆ, ಎಲ್ಲಿ ಹಳ್ಳ ದಾಟಿದೆ, ಎಲ್ಲಿ ಒಂದು ತುಂಡನ್ನು ಇನ್ನೊಂದಕ್ಕೆ ಬೆಸೆದು ಹೂತಿದ್ದಾರೆ, ಇಷ್ಟೇ ಕೆಲಸ. ಯಾರಿಗಾದರೂ ಹೇಳಿದರೆ, "ಈಗೆಲ್ಲಾ ಸ್ಯಾಟಲೈಟ್‌ನಾಗಿಂದ ಬರ್ತೈತಲ್ರಿ" ಅಂತ ಆಕಾಶ ತೋರಿಸುತ್ತಿದ್ದರು. ಮೊದಮೊದಲು ತಾಳ್ಮೆಯಿಂದ ವಿವರಿಸುತ್ತಿದ್ದೆ. ಆಮೇಲಾಮೇಲೆ ನೆಲದ ಕಡೆ ಬೆರಳು ಮಾಡುತ್ತಿದ್ದೆ, ಅಷ್ಟೇ. ಬಾದಾಮಿಯ ಗುಹೆಗಳ ಮುಂದೆ ನಿಂತು ಯಾವುದೋ ದೇಶದ ಗಂಡಹೆಂಡತಿ ತಮ್ಮ ಮೊಮ್ಮಕ್ಕಳಿಗೆ ವಿಡಿಯೋದಲ್ಲಿ ಕೆಂಪು ಬಂಡೆ ತೋರಿಸುತ್ತಾರಲ್ಲ, ಆ ಬಂಡೆಯ ಚಿತ್ರ ಗಾಳಿಯಲ್ಲಿ ಹೋಗುವುದು ಟವರಿನ ತನಕ ಮಾತ್ರ. ಅಲ್ಲಿಂದ ಮುಂದೆ ಅದು ನಮ್ಮ ಎರೆಮಣ್ಣಿಗೆ ಇಳಿಯುತ್ತದೆ, ಜೋಳದ ಹೊಲಗಳ ಬದಿಯಲ್ಲಿ ಹಾಯ್ದು ಘಟ್ಟ ಇಳಿಯುತ್ತದೆ, ಆಮೇಲೆ ಸಮುದ್ರ. ಸಮುದ್ರದ ತಳದ ಕೇಬಲ್ಲೆಂದರೆ ಬಾಯಿ ತೆರೆದು ಕೇಳುವವರಿಗೆ ಇನ್ನೊಂದು ಮಾತು. ಅಣೆಕಟ್ಟಿನ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದವಲ್ಲ, ಅಲ್ಲಿಯ ಟೆಲಿಫೋನಿನ ತಾಮ್ರದ ತಂತಿ ಕೆಲವು ಕಡೆ ಇನ್ನೂ ಆ ನೀರಿನ ಕೆಳಗೇ ಬಿದ್ದಿದೆ. ಅದಕ್ಕೆ ಯಾರೂ ನೇರಳೆ ಬಣ್ಣ ಹಚ್ಚಿ ಊರೂರಿಗೆ ಕಳಿಸಿಲ್ಲ.

ಇರಲಿ, ಗೌರವ್ವನ ವಿಷಯಕ್ಕೆ ಬರುತ್ತೇನೆ. ಅವಳನ್ನು ನಾನು ಮೊದಲು ನೋಡಿದ್ದು ಅವಳು ಬಗಲಲ್ಲಿ ಒಂದು ಬೋರ್ಡು ಹಿಡಿದು ನಮ್ಮ ಕಚೇರಿಗೆ ಬಂದ ದಿನ. ಕಬ್ಬಿಣದ ಕಾಲಿನ ಹಳದಿ ಬೋರ್ಡು, ಅದರ ಮೇಲೆ "ಕೇಬಲ್ ಇದೆ, ಅಗೆಯಬಾರದು" ಎಂಬ ಬರಹ. ಅದರ ಕಾಲಿಗೆ ಇನ್ನೂ ಹೊಲದ ಮಣ್ಣು ಮೆತ್ತಿತ್ತು. ಬೇವೂರಿನಿಂದ ಅದನ್ನು ಬಸ್ಸಿನಲ್ಲಿ ತಂದಿದ್ದಳು. ಸಾಹೇಬರ ಟೇಬಲ್ಲಿಗೆ ಆನಿಸಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಇದು ನಿಮ್ಮದಂತ್ರಿ. ನಮ್ಮ ಹೊಲದಾಗ ಬಿಟ್ಟು ಬಂದಿದ್ರಿ."

ಬೇವೂರಿನ ರಸ್ತೆಗೆ ಹತ್ತಿದ ಹೊಲ ಅವಳದು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮನೆಯ ಪಡಸಾಲೆಯಲ್ಲಿ ಜೋಳದ ರೊಟ್ಟಿ ಬಡಿದು ಬಾಗಲಕೋಟೆಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಹೊಗೆಗೆ ಎಲ್ಲರ ಕಣ್ಣೂ ಕೆಂಪು, ಕೂಡಲಿಕ್ಕೆ ಜಾಗವಿಲ್ಲ, ಮನೆಯವರಿಗೆ ಮಲಗಲಿಕ್ಕೂ ಇಲ್ಲ. ಅದಕ್ಕೇ ರಸ್ತೆ ಬದಿಯ ಹೊಲದ ಮೂಲೆಯಲ್ಲಿ ಒಂದು ಶೆಡ್ಡು ಕಟ್ಟಬೇಕೆಂದು ಪಾಯಾ ತೋಡಿಸಲು ಜೆಸಿಬಿ ಕರೆಸಿದ್ದಳು. ಜೆಸಿಬಿಯ ಮೌಲಾಸಾಬ ಬಂದವನು ಬೋರ್ಡು ನೋಡಿ ಗಾಡಿ ಹಿಂದಕ್ಕೆ ತಿರುಗಿಸಿದ್ದ.

ನಮ್ಮ ಸಾಹೇಬರು ಕೆಟ್ಟವರಲ್ಲ, ಆದರೆ ಕಾಗದದಲ್ಲಿದ್ದದ್ದೇ ಖರೆ ಎನ್ನುವ ಜನ. "ನೋಡವಾ, ಅದರಾಗ ದೇಶ ದೇಶದ ಮಾತು ಹೊಂಟಿರ್ತಾವು. ಕಡದ್ರ ಭಾಳ ಲುಕ್ಸಾನ ಆಗ್ತೈತಿ," ಎಂದರು.

"ಹೋಗ್ಲಿ ಬಿಡ್ರಿ, ನಾ ಏನ್ ಬ್ಯಾಡ ಅಂದೇನೇನು? ನನ್ನ ಹೊಲದಾಗ ಹೋಗಿಲ್ಲ ಅಂತೇನಿ. ಅಗದು ತೋರಸ್ರಿ."

"ಅಗದ್ರ ಕೇಬಲ್ ಕಡೀತೈತಿ."

"ಇಲ್ಲದ್ದು ಹ್ಯಾಂಗ ಕಡೀತೈತ್ರಿ?"

ಸಾಹೇಬರು ನನ್ನ ಕಡೆ ನೋಡಿದರು. ನಾನು ನಕಾಶೆ ತೆಗೆದೆ. ಅದು ನಾನು ಬರೆದ ಹಳೆಯದಲ್ಲ. ಹೊಸದಾಗಿ ಅಳೆದು ಬರೆಯಲು ಹೊರ ರಾಜ್ಯದ ಒಂದು ತಂಡವನ್ನು ಕರೆಸಿದ್ದರು, ಅವರದು. ಬಾಗಲಕೋಟೆಯಿಂದ ಹುನಗುಂದದ ದಾರಿ ಹಿಡಿದು ನೆಟ್ಟಗೆ ಬರಬೇಕಾದ ಗೆರೆ ಬೇವೂರಿನ ಹತ್ತಿರ ರಸ್ತೆ ಬಿಟ್ಟು ಹೊಲಕ್ಕೆ ಇಳಿದಿತ್ತು, ಒಂದು ಕಡೆ ಸುತ್ತು ಹಾಕಿ ಮತ್ತೆ ರಸ್ತೆಗೆ ಬಂದಿತ್ತು. ಕುಡಿದವರು ನಡೆದ ಹಾಗೆ. ಗೌರವ್ವನ ಹೊಲದ ಮೂಲೆಯಲ್ಲಂತೂ ದೊಡ್ಡ ಜಾಯಿಂಟಿನ ಗುರುತು, ಅಂದರೆ ಕೇಬಲ್ಲು ಬೆಸೆದು ಹೂತ ಜಾಗ. ಆ ಗುರುತಿದ್ದಲ್ಲಿ ಸುತ್ತಮುತ್ತ ಗುದ್ದಲಿ ಹಾಕುವಂತಿಲ್ಲ. ಬದಿಯಲ್ಲಿ ಚಿಕ್ಕದಾಗಿ "ಐದು ಕಲ್ಲು" ಅಂತ ಬರೆದಿದ್ದರು. ನನ್ನ ತಲೆಯಲ್ಲಿ ಏನೋ ಹೊಳೆಯಿತು.

"ನಿಮ್ಮ ಹೊಲದಾಗ ಆ ಮೂಲಿಗೆ ಬನ್ನಿ ಗಿಡ ಐತೇನ್ರಿ?" ಅಂತ ಕೇಳಿದೆ.

"ಐತ್ರಿ ಅಕ್ಕಾರ."

"ಬುಡಕ್ಕ ಪಾಂಡವರನ್ನ ಕುಂದರ್ಸಿದ್ರೇನು?"

"ಸೀಗಿ ಹುಣ್ಣಿಮಿಗೆ ಕುಂದರಸ್ದ ಬಿಡ್ತಾರೇನ್ರಿ?"

ನಿಮ್ಮ ಕಡೆ ಈ ಪದ್ಧತಿ ಇಲ್ಲದಿದ್ದರೆ ಹೇಳುತ್ತೇನೆ. ಸೀಗಿ ಹುಣ್ಣಿಮೆಗೆ ನಮ್ಮ ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಕುಂಕುಮ ಹಚ್ಚಿ, ಅವರೇ ಪಾಂಡವರೆಂದು ಎಡೆ ಹಿಡಿಯುತ್ತಾರೆ. ಆಮೇಲೆ ಎಡೆಯ ಅನ್ನವನ್ನು ಬೆಳೆಯ ನಡುವೆ ಚರಗವೆಂದು ಚೆಲ್ಲಿ, ಕಡುಬು ತಿಂದು ಮನೆಗೆ ಬರುತ್ತಾರೆ. ಕಲ್ಲುಗಳು ಅಲ್ಲೇ ಇರುತ್ತವೆ. ಕೇಬಲ್ ಹೋದ ದಾರಿಗುಂಟ ನಾವೂ ಗುರುತಿಗೆ ಕಲ್ಲು ನೆಟ್ಟು ಸುಣ್ಣವನ್ನೇ ಬಳಿಸುತ್ತಿದ್ದೆವು. ಹೊರಗಿನ ತಂಡ ಬಂದದ್ದು ಹುಣ್ಣಿಮೆ ಮುಗಿದ ಮೇಲೆ. ನಮ್ಮ ಕಲ್ಲುಗಳು ಸುಣ್ಣ ಮಳೆಗೆ ತೊಳೆದುಹೋಗಿ, ರಸ್ತೆಯ ಆಚೆ ಜಾಲಿಕಂಟಿಯಲ್ಲಿ ಯಾರಿಗೂ ಕಾಣದೆ ಕೂತಿದ್ದವು. ಪಾಂಡವರು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದರು. ತಂಡದವರು ಕಂಡ ಬಿಳಿ ಕಲ್ಲಿಗೆಲ್ಲ ಗೆರೆ ಕೂಡಿಸಿದರು. ಐದು ಒಟ್ಟಿಗೇ ಕಂಡಲ್ಲಿ, ಇಲ್ಲೇನೋ ದೊಡ್ಡದಿದೆ ಅಂತ ಜಾಯಿಂಟು ಬರೆದರು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, "ಆದ್ರ ಏನ್ ಮಾಡೂದು, ನಕಾಶಿ ಮ್ಯಾಲಕ್ಕ ಹೋಗೇತಿ," ಎಂದು ಬೋರ್ಡನ್ನು ಗೌರವ್ವನ ಕಡೆಗೇ ಸರಿಸಿದರು. ನನಗೆ ಇಂದಿಗೂ ಆ ಸರಿಸಿದ್ದೇ ಕಣ್ಣಿಗೆ ಕಟ್ಟಿದೆ. ತಪ್ಪೆಂದು ಗೊತ್ತಾದ ಮೇಲೂ ಒಬ್ಬ ಹೆಂಗಸಿನ ಒಲೆ ಹೊತ್ತದ ಹಾಗೆ ಮಾಡುವುದಕ್ಕೆ ಏನೆನ್ನುತ್ತೀರಿ? ನಾನು ಮೊಂಡುತನ ಎನ್ನುತ್ತೇನೆ. ಮೊಂಡುತನ ನಮಗೂ ಬರುತ್ತದೆ.

ಮರುದಿನ ರಜೆ ಹಾಕಿ ಬೇವೂರಿಗೆ ಹೋದೆ. ಗೌರವ್ವ ಮೌಲಾಸಾಬನನ್ನು ಮತ್ತೆ ಕರೆಸಿದ್ದಳು. ಅವನು ಗಾಡಿಯ ಮೇಲಿಂದ ಇಳಿಯಲೇ ಇಲ್ಲ. "ಅಕ್ಕಾರ, ನಾ ಇಲ್ಲಿ ಹಲ್ಲು ಹಚ್ಚಿ, ಅಲ್ಲಿ ಅಮೇರಿಕಾದಾಗ ಫೋನ್ ಬಂದ್ ಆತಂದ್ರ, ಅವ್ರು ನನ್ನ ಮನಿ ಹುಡುಕ್ಯೊಂತ ಬರ್ತಾರ್ರಿ," ಎಂದ. ನಾನು ಕೇಬಲ್ ಇಲ್ಲವೆಂದೆ. ಅವನು ಬೋರ್ಡು ಇತ್ತಲ್ಲ ಎಂದ. ಗೌರವ್ವ ಮಾತು ಮುಗಿಯುವ ತನಕ ಕಾಯಲಿಲ್ಲ. ಪಾಂಡವರಿಗೆ ಕೈಮುಗಿದು, ಒಬ್ಬೊಬ್ಬರನ್ನೇ ಎತ್ತಿ ಬದುವಿನ ಮೇಲೆ ಕುಳ್ಳಿರಿಸಿ, ಸೀರೆಯ ಕಚ್ಚೆ ಬಿಗಿದು ಗುದ್ದಲಿ ಎತ್ತಿದಳು. ರೊಟ್ಟಿ ಬಡಿಯುವ ಹೆಂಗಸರು ಬುಟ್ಟಿ ಹಿಡಿದರು. ನಾನೂ ಸಲಿಕೆ ಹಿಡಿದೆ. ಹೊಲದ ನಕಾಶೆ ಬರೆದು ಸವೆದ ಕೈ, ಹೊಲದ ಮಣ್ಣು ಎತ್ತಿ ರೂಢಿಯಿಲ್ಲ. ಸ್ವಲ್ಪ ಹೊತ್ತಿಗೇ ಅಂಗೈಗೆ ಬೊಕ್ಕೆ ಎದ್ದು, ಉಳಿದ ಹೊತ್ತು ಬದುವಿನ ಮೇಲೆ ಪಾಂಡವರ ಪಕ್ಕ ಕೂತು ಸಲಹೆ ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಸಾಹೇಬರೇ ಜೀಪಿನಲ್ಲಿ ಬಂದರು. ಯಾರೋ ಫೋನು ಮಾಡಿದ್ದರು. ಗುಂಡಿಯೊಳಗೆ ಗೌರವ್ವನ ತಲೆ ಮಾತ್ರ ಕಾಣುತ್ತಿತ್ತು. ಬೇರು, ಗರಸು ಮಣ್ಣು, ಯಾರದೋ ಒಡೆದ ಬಳೆ, ಇಷ್ಟು ಸಿಕ್ಕಿತ್ತು. "ಇನ್ನೂ ಆಳಕ್ಕ ಇರಬೇಕು," ಎಂದರು ಸಾಹೇಬರು, ಯಾರ ಮುಖವನ್ನೂ ನೋಡದೆ. ಗೌರವ್ವ ಒಳಗಿನಿಂದಲೇ ಗುದ್ದಲಿಯನ್ನು ಅವರ ಕಡೆ ಚಾಚಿದಳು. "ಇಳೀರಿ ಹಂಗಾರ. ಇನ್ನ ಅಗದ್ರ ನೀರು ಬರ್ತೈತಿ, ಕೇಬಲ್ ಬರೂದಿಲ್ಲ." ಹೆಂಗಸರು ನಕ್ಕರು. ಮೌಲಾಸಾಬ ಗಾಡಿ ಚಾಲೂ ಮಾಡಿದ. ಸಂಜೆಯೊಳಗೆ ಪಾಯಾ ತೋಡಿ ಆಯಿತು, ಅಮೇರಿಕಾದವರು ಯಾರೂ ಬರಲಿಲ್ಲ.

ಶೆಡ್ಡು ಎದ್ದಿತು. ಗೆರೆ ಮಾತ್ರ ಹೋಗಲಿಲ್ಲ. ಅದು ತಪ್ಪೆಂದು ನಾನು ಬರೆದುಕೊಟ್ಟದ್ದಕ್ಕೆ ಮೇಲಿನಿಂದ ಬಂದ ಉತ್ತರ ಹೀಗಿತ್ತು: ಬಿಟ್ಟುಹೋದದ್ದನ್ನು ನಕಾಶೆಗೆ ಸೇರಿಸಬಹುದು, ಸೇರಿದ್ದನ್ನು ತೆಗೆಯುವ ಕ್ರಮವಿಲ್ಲ. ಮತ್ತೆ ಬರೆದೆ. ನನ್ನನ್ನು ಸಾಮಾನು ದಾಸ್ತಾನಿನ ಕೋಣೆಗೆ ವರ್ಗ ಮಾಡಿದರು. ಅಲ್ಲಿ ಕೇಬಲ್ಲಿನ ಉರುಳೆಗಳ ನಡುವೆ ಕೂತೂ ಇನ್ನೆರಡು ಸಲ ಬರೆದೆ. ನಿವೃತ್ತಿಯಾಯಿತು, ಆ ಕಂಪನಿ ಹೋಗಿ ಇನ್ನೊಂದು ಬಂತು. ಬಂದವರು ಕೇಬಲ್ಲಿನ ಜತೆಗೆ ಆ ತಪ್ಪು ಗೆರೆಯನ್ನೂ ಕೊಂಡುಕೊಂಡರು.

ಅಕ್ಕನ ಮಗಳ ಚಿತ್ರ ಬಂದು ಎರಡು ದಿನವಾಗಿತ್ತೇನೋ, ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಗೌರವ್ವನ ಫೋನು ಬಂತು. "ಅಕ್ಕಾರ, ಮತ್ತ ಬಂದಾನ್ರಿ ಒಬ್ಬಾಂವ. ಈ ಸಲ ಬೋರ್ಡ್ ಇಲ್ಲ, ಪಾಟಿಯಂಥಾದ್ದು ಹಿಡಕೊಂಡಾನ. ಶೆಡ್ ತಗೀಬೇಕಂತಾನ."

"ಕುಂದರ್ಸಿ ಊಟಕ್ಕ ಹಾಕು. ನಾ ಬರ್ತೇನಿ," ಎಂದು ಸಿಕ್ಕ ಬಸ್ಸು ಹತ್ತಿದೆ.

ನಾನು ಮುಟ್ಟುವಷ್ಟರಲ್ಲಿ ಅವನು ಬದನೆಕಾಯಿ ಎಣಗಾಯಿ ಮುಗಿಸಿ ಶೇಂಗಾ ಚಟ್ನಿಗೆ ಬಂದಿದ್ದ. ಹೊಸ ಕಂಪನಿಯ ನೌಕರ, ಹುಬ್ಬಳ್ಳಿ ಕಡೆಯವನು, ನಲವತ್ತು ದಾಟಿದ ಸಂಭಾವಿತ. ಕೈಯಲ್ಲಿದ್ದ ಟ್ಯಾಬಿನಲ್ಲಿ ಅದೇ ಗೆರೆ, ಅದೇ ಜಾಯಿಂಟು, ಅದರ ನಡುವೆ ನಾವು ಕೂತಿದ್ದೇವೆಂದು ತೋರಿಸುವ ನೀಲಿ ಚುಕ್ಕೆ. ನಾನು ಪಾಂಡವರ ಕಥೆ ಹೇಳಿದೆ. ರಸ್ತೆ ದಾಟಿಸಿ, ಜಾಲಿಕಂಟಿ ಸರಿಸಿ, ಖರೆ ಕಲ್ಲುಗಳನ್ನು ತೋರಿಸಿದೆ. ಅವನು ನೆಲದೊಳಗಿನ ಕೇಬಲ್ಲು ಹುಡುಕುವ ತನ್ನ ಯಂತ್ರ ಹಿಡಿದು ಅಲ್ಲೂ ಇಲ್ಲೂ ನೋಡಿ ಹೌದೆಂದು ತಲೆಯಾಡಿಸಿದ.

"ಅಳಸೂದು ಈಗ ನನ್ನ ಕೈಯಾಗ ಐತ್ರಿ ಬಾಯಾರ. ಆದ್ರ ಯಾರು ಹೇಳಿದ್ರು ಅಂತ ಹೆಸರು ಕೇಳ್ತೈತಿ ಇದು. ನಾಳಿ ಏನರ ಆದ್ರ ಆ ಹೆಸರಿನವರನ್ನ ಹಿಡೀತಾರ. ನನಗ ಮಕ್ಕಳು ಮರಿ ಅದಾವ್ರಿ."

ನಾನು ಬರೆದ ನಕಾಶೆಗಳಿಗೆ ಲೆಕ್ಕವಿಲ್ಲ. ಒಂದರ ಮೇಲೂ ನನ್ನ ಹೆಸರಿಲ್ಲ. ಮೂಲೆಯಲ್ಲಿ ಯಾವಾಗಲೂ ಸಾಹೇಬರ ಸಹಿ. ಅದು ಅಷ್ಟು ವರ್ಷ ನನಗೆ ಅನ್ನಿಸಿಯೇ ಇರಲಿಲ್ಲ, ಆಗ ಅನ್ನಿಸಿತು.

"ನನ್ನ ಹೆಸರು ಬರಕೋರಿ," ಎಂದೆ. ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಊರು, ಎಲ್ಲವನ್ನೂ ತಪ್ಪು ಬೀಳದ ಹಾಗೆ ಬಿಡಿಬಿಡಿಯಾಗಿ ಹೇಳಿದೆ.

ಹಂಚಿನ ಮೇಲಿನ ರೊಟ್ಟಿ ಮಗುಚಿ ಗೌರವ್ವ ಎದ್ದು ಬಂದಳು. "ಅದರ ಕೆಳಗ ನಂದೂ ಬರಿಯಪಾ," ಎಂದಳು. "ಹಿಡಿಯಾಕ ಬಂದವ್ರು ಇಬ್ಬರನ್ನೂ ಹಿಡೀಲಿ."

ಅವನು ಬರೆದ.