ಬುಡ ಖಾಲಿ

ಬರ್ರಿ, ಕಾಲು ಚಾಚಿ ಕುಂದರ್ರಿ, ಹೇಳ್ತೀನಿ. ಕಲಬುರ್ಗಿಯಿಂದ ಮರಾಠಿ ಸೀಮಿಯ ಕಲ್ಯಾಣಕ್ಕ ಬಂದ ಹೊಸದರಾಗ ಶೇವಂತಾಬಾಯಿಯ ತುಂಡು ಹೊಲಕ್ಕ ಕೂಲಿಗೆ ಹೋದೆ. ಹೊಳಿ ಹೊಲದ ದಂಡಿ ತಿಂತಿತ್ತು. ಮಳಿಗಾಲ ಬರೋದರೊಳಗ ನೀರವಂಜಿ ಗಿಡ ಬೇರು ಬಿಟ್ಟು ಆ ದಂಡೀನ ಹಿಡೀಬೇಕಿತ್ತು.

ಆಕಿ ಆ ಗಿಡದ ನೆಡೋ ಕಡ್ಡಿ ಕೊಟ್ಟು, "ಬೂಡ್ ಖಾಲೀ ಠೇವ್" ಅಂದು ಬಜಾರಕ್ಕ ಹೋದಳು. ಬುಡ ಖಾಲಿ ಬಿಡು ಅಂದಳಂತ ತಿಳಿದು, ಬುಡ ಮ್ಯಾಲೆ ಬಿಟ್ಟು ಎಲ್ಲಾ ಕಡ್ಡಿಯ ತುದೀನ ಮಣ್ಣಾಗ ಚುಚ್ಚಿದೆ. ಮರಾಠಿಯಾಗ ಖಾಲೀ ಅಂದ್ರ ಕೆಳಗ ಅಂತ ನನಗೇನು ಗೊತ್ತು?

ತಿರುಗಿ ಬಂದಾಕಿ ಬೈಲಿಲ್ಲ. "ಏ ಬಾಯಿ, ಎಲ್ಲಾಕ್ಕೂ ಶೀರ್ಷಾಸನ ಹಾಕಿಸೀಯಲ್ಲ. ಇರಲಿ, ಕೀಳಬ್ಯಾಡ, ಇದು ಭಾಳ ಗಟ್ಟಿ ಜೀವ" ಅಂದಳು.

ಇಪ್ಪತ್ತು ದಿನಕ್ಕ ಆ ತಲೆಕೆಳಗಾದ ಕಡ್ಡಿಗಳೇ ಚಿಗುರಿದವು. "ನೋಡು, ಈ ಗಿಡಕ್ಕ ಕನ್ನಡನೂ ಬರ್ತದ" ಅಂದಳು.

ದಂಡಿ ಉಳೀತು. ಶೇವಂತಾಬಾಯಿ ಈಗಿಲ್ಲ, ಆಕಿ ಸೊಸಿ ಆ ಗಿಡದ ಬರಲಿನಿಂದ ಬುಟ್ಟಿ ಹೆಣೀತಾಳ. ನಾನು ಆ ಹೊಲದಾಗೇ ಮುದುಕಿ ಆದೆ, ಮರಾಠಿ ಇನ್ನೂ ಉಲ್ಟಾನೇ ಆಡ್ತೀನಿ.