ನನ್ನದಲ್ಲದ ನಗು

ಪಾರ್ಶ್ವವಾಯು ಹೊಡೆದಾಗ ನನ್ನ ಎಡಗೈ ಮತ್ತು ಬಾಯಿಯ ಒಂದು ಮೂಲೆ ಸೋತವು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಕೈ ಸುಧಾರಿಸಿ ಮತ್ತೆ ಮಿಷನ್ ಮುಂದೆ ಕೂತ ದಿನ ನನ್ನ ಗಂಡ ಓಣಿಗೆಲ್ಲ ಪೇಡೆ ಹಂಚಿದರು.

ಆಮೇಲೆ ನಗು ಶುರುವಾಯಿತು. ರವಿಕೆಯ ತೋಳು ಬಿಗಿಯಾಯಿತೆಂದು ಗಿರಾಕಿ ಬೇಸರದಿಂದ ಹೇಳುತ್ತಿದ್ದರೆ ನನ್ನ ಹೊಟ್ಟೆಯಿಂದ ನಗು ಎದ್ದುಬರುತ್ತಿತ್ತು. ತಡೆಯಲು ಹೋದಷ್ಟೂ ಜೋರಾಗುತ್ತಿತ್ತು. ಒಳಗೆ ಖುಷಿಯೇನೂ ಇರುತ್ತಿರಲಿಲ್ಲ. ಪಾರ್ಶ್ವವಾಯುವಿಗೂ ಇದಕ್ಕೂ ನಂಟಿರಬಹುದೆಂದು ನಮಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಹಚ್ಚೊಳ್ಳಿಯಲ್ಲಿ ಅಕ್ಕನ ಗಂಡ ತೀರಿಕೊಂಡರು. ಕುರುಗೋಡಿನ ನಮ್ಮ ತವರಿನಲ್ಲಿ ನಾವಿಬ್ಬರೇ ಹೆಣ್ಣುಮಕ್ಕಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ನಾವು ಹೋದಾಗ ನನ್ನನ್ನು ಕಂಡದ್ದೇ "ಬಂದೇನವ್ವಾ" ಎಂದು ಕೊರಳಿಗೆ ಬಿದ್ದಳು. ಅವಳ ಭುಜದ ಮೇಲೆ ಮುಖವಿಟ್ಟು ನಾನು ನಕ್ಕೆ. ಗಹಗಹಿಸಿ ನಕ್ಕೆ. ಅಳುತ್ತಿದ್ದವರೆಲ್ಲ ತಲೆ ಎತ್ತಿ ನನ್ನನ್ನೇ ನೋಡಿದರು.

"ಇಕಿಗೇನೋ ಹೊಕ್ಕೈತಿ, ಒಳಗ ಕರ್ಕೊಂಡು ಹೋಗ್ರಿ," ಎಂದಳೊಬ್ಬ ಮುದುಕಿ.

ನನ್ನ ಗಂಡ ಭತ್ತದ ಚೀಲಗಳಿದ್ದ ಕೋಣೆಗೆ ನನ್ನನ್ನು ಸೇರಿಸಿ ಹೊರಗಿನಿಂದ ಚಿಲಕ ಹಾಕಿದರು. ಬಾಯಿಗೆ ಸೆರಗು ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಹೆಣ ಎತ್ತುವ ಸದ್ದು ಕೇಳಿಸಿತು. ಬಾಗಿಲು ಬಡಿದೆ, ಯಾರೂ ತೆಗೆಯಲಿಲ್ಲ.

ಬಳ್ಳಾರಿಗೆ ಮರಳಿದ ಮೇಲೆ ಅಂಗಡಿ ಮುಚ್ಚಿತು. "ಮಂದಿ ಏನೇನೋ ಅಂತಾರ, ನೀ ಮನ್ಯಾಗ ಇರು," ಅಂದರು ಗಂಡ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಬೀದಿ ಕಡೆಯ ಕಿಟಕಿಯನ್ನೂ ಅವರೇ ಮುಚ್ಚುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಸತ್ತರೆ ಈ ಮುಖದಿಂದ ಬಿಡುಗಡೆಯಾದೀತು ಎಂದು ಅನ್ನಿಸತೊಡಗಿತ್ತು.

ಪಾರ್ಶ್ವವಾಯುವಿನ ಮಾತ್ರೆ ಬರೆಸಲು ಆಸ್ಪತ್ರೆಗೆ ಹೋದಾಗ ಹೊಸ ಡಾಕ್ಟರಮ್ಮ ಇದ್ದರು. ಹೇಗಿದ್ದೀರಿ ಎಂದು ಅವರು ನನ್ನನ್ನು ಕೇಳಿದರೆ ಎಂದಿನಂತೆ ಗಂಡನೇ ಉತ್ತರ ಕೊಟ್ಟರು: "ಆರಾಮ ಅದಾಳ್ರಿ, ನಕ್ಕೊಂತ ಇರ್ತಾಳ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಗು ಬಂದಾಗ ಒಳಗ ನಿಮಗ ಖುಷಿ ಇರ್ತೈತೇನಮ್ಮಾ?"

ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ. "ಇಲ್ರಿ," ಅಂದೆ. ಅಷ್ಟು ಹೇಳುವಷ್ಟರಲ್ಲಿ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅವರು ಕಾದರು. ನಗುವನ್ನು, ಅಳುವನ್ನು ಹಿಡಿತದಲ್ಲಿಡುವ ಮಿದುಳಿನ ನರಗಳಿಗೆ ಪಾರ್ಶ್ವವಾಯುವಿನಿಂದ ಪೆಟ್ಟಾಗಿದೆ, ಇದು ದೆವ್ವವಲ್ಲ, ಹುಚ್ಚೂ ಅಲ್ಲ ಎಂದು ಬಿಡಿಸಿ ಹೇಳಿದರು. ಜೊತೆಗೆ ನನ್ನನ್ನು ಖಿನ್ನತೆಯೂ ಹಿಡಿದಿತ್ತು. ಮಿದುಳಿಗೆ ಪೆಟ್ಟಾದವರಲ್ಲಿ ಅದೂ ಬರುತ್ತದಂತೆ. ಗಂಡ ತಲೆ ತಗ್ಗಿಸಿ ಕೂತಿದ್ದರು.

ಮಾತ್ರೆಯಿಂದ ನಗು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೊದಲು ಮಾಡಿದ ಕೆಲಸವೆಂದರೆ ಸಿರುಗುಪ್ಪದ ಬಸ್ಸು ಹಿಡಿದು, ಅಲ್ಲಿಂದ ಹಚ್ಚೊಳ್ಳಿಗೆ ಹೋದದ್ದು. ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

"ತಲ್ಯಾಗಿನ ರೋಗ ಅಂತ ತಿಳೀತವ್ವಾ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಅವತ್ತಿನ ನಗು ನನ್ನ ಕಿವ್ಯಾಗ ಕುಂತೈತಿ. ನಾ ಏನ್ ಮಾಡ್ಲಿ?"

ಅವಳ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ನಾನೂ ಕಲ್ಲು ಆರಿಸತೊಡಗಿದೆ.